ಮನೆಗೆ ಮನೆ

ದಾಕ್ಷಾಯಿಣಿ ಒಂದೊಂದೇ ಪಾತ್ರೆಯನ್ನು ಒರೆಸಿ, ನಡುನಡುವೆ ಹಳೆ ಸೀರೆಯ ತುಂಡಿಟ್ಟು, ಗೋಣಿಚೀಲದೊಳಕ್ಕೆ ಇಳಿಸುತ್ತಿದ್ದಳು. ಒಂದಕ್ಕೊಂದು ತಗುಲಿದರೆ ಸದ್ದಾಗುತ್ತದೆ, ಸದ್ದಾದರೆ ಅಣ್ಣನ ಮಗಳು ಅರ್ಪಿತ ಏಳುತ್ತಾಳೆ, ಎದ್ದರೆ ಯಾಕತ್ತೆ, ಏನತ್ತೆ, ಎಲ್ಲಿಗತ್ತೆ ಎಂದು ಶುರುಮಾಡುತ್ತಾಳೆ. ಅಡುಗೆಮನೆಯ ಕಿಟಕಿಯಲ್ಲಿ ಬೆಳಕು ಈಗಷ್ಟೇ ಹಾಲಿನ ಹಾಗೆ ಕೆನೆಗಟ್ಟುತ್ತಿತ್ತು. ದೊಡ್ಡ ತಪ್ಪಲೆ, ಚಿಕ್ಕ ತಪ್ಪಲೆ, ಇಡ್ಲಿ ಪಾತ್ರೆ, ಸಾರಿನ ಸೌಟು, ಗಂಗಾಳ. ಎಲ್ಲದರ ಅಂಚಿನಲ್ಲೂ ಚುಕ್ಕಿಚುಕ್ಕಿಯಾಗಿ ಕೊರೆದ ಅವ್ವನ ಹೆಸರು, ಗುರುಬಸಮ್ಮ. ಚೀಲದೊಳಕ್ಕೆ ಹೋಗುವ ಮುಂಚೆ ಬೆರಳು ತಾನಾಗಿ ಆ ಅಕ್ಷರಗಳ ಮೇಲೆ ಹಾಯುತ್ತಿತ್ತು. ಕೊರೆಯುವವನು ಒಂದು ಲೋಟದ ಮೇಲೆ ಜಾಗ ಸಾಲದೆ 'ಗುರುಬಸ' ಎಂದಷ್ಟೇ ಬರೆದುಬಿಟ್ಟಿದ್ದ. ಅವ್ವ ಕೊನೆತನಕ ಆ ಲೋಟದಲ್ಲೇ ಕಾಫಿ ಕುಡಿದಳು, ಅರ್ಧ ಹೆಸರಿನದು ನನಗೇ ಇರಲಿ ಎಂದು. ಶೆಲ್ಫ್ ಖಾಲಿಯಾದ ಮೇಲೆ ಅಲ್ಲಿ ಹೊಸ ಅಲ್ಯೂಮಿನಿಯಂ ಪಾತ್ರೆ ಮೂರು ಉಳಿದವು. ಅತ್ತಿಗೆ ಮೊನ್ನೆ ನಂಜನಗೂಡು ಪೇಟೆಯಿಂದ ತಂದವು. ಬರುವವರಿಗೆ ಅವು ಸಾಕು.

ಬರುವವರು ಕುಂದಾಪುರದಾಚೆಯ ಕಡಲ ದಂಡೆಯವರು. ಅಣ್ಣ ಬಸವಪ್ರಸಾದ ಪೇಟೆಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಮೈಸೂರಿನಲ್ಲಿ ತರಬೇತಿಗೆ ಹೋದಾಗ ಆ ಕಡೆಯ ಶ್ರೀಧರ ಮೇಷ್ಟ್ರು ಪಕ್ಕದ ಮಂಚದಲ್ಲಿ ಮಲಗುತ್ತಿದ್ದರಂತೆ. ನಮ್ಮ ಹಿತ್ತಲಿಂದ ನಾಲ್ಕು ಹೆಜ್ಜೆ ಇಟ್ಟರೆ ಕಪಿಲೆ ಸಾರ್ ಎಂದು ಇವನು, ನಮ್ಮ ಅಂಗಳದಿಂದ ಇಳಿದರೆ ಕಡಲು ಮಾರಾಯ್ರೆ ಎಂದು ಅವರು. ಮಾತಿಗೆ ಮಾತು ಬೆಳೆದು, ಬೇಸಿಗೆ ರಜಕ್ಕೆ ನಮ್ಮ ಮನೇಲಿ ನೀವಿರಿ, ನಿಮ್ಮ ಮನೇಲಿ ನಾವಿರ್ತೀವಿ, ಬಾಡಿಗೆಯ ಮಾತೇ ಬೇಡ ಎಂದು ಒಪ್ಪಂದವಾಯಿತು. ಅಣ್ಣ ಅವತ್ತು ಮನೆಗೆ ಬಂದವನು ಚಪ್ಪಲಿ ಕೂಡ ಬಿಡದೆ ಹೇಳಿದ್ದ, ಹೇಳುವಾಗ ಅವನ ಮುಖ ಹುಡುಗನದಾಗಿತ್ತು. ಅತ್ತಿಗೆ ರಮ್ಯಳಿಗೆ ಮಾತ್ರ ತಕ್ಷಣ ಪಾತ್ರೆಯ ಯೋಚನೆ ಬಂತು. "ಕಡಲ ದಂಡೆಯೋರು ಅಂದ್ಮೇಲೆ ಮೀನಿಲ್ಲದೆ ತುತ್ತು ಇಳಿಯುತ್ತಾ? ಲಿಂಗಪೂಜೆ ಮಾಡೋ ಮನೆ ಕಣ್ರೀ ಇದು. ಹುಣಸೆಹಣ್ಣು ಹಾಕಿ ಉಜ್ಜಿದ್ರೂ ಆ ವಾಸನೆ ಹೋಗಲ್ಲ." ಅಣ್ಣ ತಲೆ ಕೆರೆದುಕೊಂಡ. "ಏನು ತಿಂತೀರಿ ಅಂತ ಕೇಳೋಕಾಗುತ್ತಾ? ಚೆನ್ನಾಗಿರಲ್ಲ." ಹೀಗೆ, ಚೆನ್ನಾಗಿರುವುದಿಲ್ಲ ಎಂದು ಕೇಳದೆ ಬಿಟ್ಟ ಒಂದು ಮಾತಿಗಾಗಿ ಈಗ ದಾಕ್ಷಾಯಿಣಿ ಬೆಳಗಿನ ಜಾವ ಗೋಣಿಚೀಲದ ಬಾಯಿ ಕಟ್ಟುತ್ತಿದ್ದಾಳೆ.

ಕೇಳದೆ ಬಿಟ್ಟ ಮಾತು ಇನ್ನೊಂದಿತ್ತು. ಅವಳು ಹೊರಡುತ್ತಾಳೋ ಇಲ್ಲವೋ ಎಂಬುದು. ಬರಬೇಡ ಎಂದು ಯಾರೂ ಅಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ. ಅತ್ತಿಗೆ ಬಟ್ಟೆ ಜೋಡಿಸುವಾಗ ಒಮ್ಮೆ, "ಅಲ್ಲಿ ಬೆವರು ಜಾಸ್ತಿಯಂತೆ, ಕಾಟನ್ನೇ ಇಟ್ಕೋಬೇಕು" ಅಂದಿದ್ದಳು. ಅದು ತನಗೂ ಸೇರಿಸಿ ಅಂದದ್ದೋ, ತನ್ನಷ್ಟಕ್ಕೆ ಅಂದುಕೊಂಡದ್ದೋ ಎಂದು ದಾಕ್ಷಿ ಆ ಮಾತನ್ನು ದಿನವಿಡೀ ಮಗುಚಿ ನೋಡಿದ್ದಳು. ಆಮೇಲೊಂದು ದಿನ ಅಣ್ಣ ಹಜಾರದಲ್ಲಿ ಫೋನಿನಲ್ಲಿ, "ಮನೆ ಖಾಲಿ ಇರಲ್ಲ ಸಾರ್, ನೀವೇನೂ ಯೋಚನೆ ಮಾಡ್ಬೇಡಿ" ಎನ್ನುವುದು ಕಿವಿಗೆ ಬಿತ್ತು. ಖಾಲಿ ಇರುವುದಿಲ್ಲ ಎಂದರೆ ಹಸು ಇದೆ ಎಂದಿರಬಹುದು, ಪಕ್ಕದಲ್ಲಿ ಕೆಂಪಾಜಮ್ಮ ಇದ್ದಾಳೆ ಎಂದಿರಬಹುದು. ಹೀಗೆಲ್ಲ ಅಂದುಕೊಂಡೇ ಅವಳು ಎರಡು ಸೀರೆ, ಹೊಸದಾಗಿ ಹೊಲಿದುಕೊಂಡ ನೀಲಿ ರವಿಕೆ, ಬಾಚಣಿಗೆ ಇಷ್ಟನ್ನು ವೈರ್ ಬ್ಯಾಗಿಗೆ ತುಂಬಿ ತನ್ನ ಮಂಚದ ಕೆಳಗೆ, ಕಾಲಿಗೆ ತಾಗುವ ಹಾಗೆ ಇಟ್ಟುಕೊಂಡಿದ್ದಳು. ಮಲಗಿದಾಗ ಕಾಲು ಇಳಿಬಿಟ್ಟು ಮುಟ್ಟಿ ನೋಡುತ್ತಿದ್ದಳು. ಕದ್ದ ಸಾಮಾನನ್ನು ಮುಟ್ಟಿದ ಹಾಗಾಗುತ್ತಿತ್ತು.

ಸಮುದ್ರವೆಂದರೆ ಅವಳಿಗೆ ಗೊತ್ತಿದ್ದದ್ದು ತಿರುಮಕೂಡಲು. ತುಂಬ ಚಿಕ್ಕವಳಿದ್ದಾಗ ಅವ್ವ ಟಿ. ನರಸೀಪುರಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಕಪಿಲೆ ಕಾವೇರಿಗೆ ಸೇರುವ ಕಡೆ ಸೊಂಟದ ನೀರಿನಲ್ಲಿ ನಿಂತು, ಮಗಳ ರಟ್ಟೆ ಗಟ್ಟಿಯಾಗಿ ಹಿಡಿದು ಹೇಳಿದ್ದಳು: "ನೋಡು, ನಮ್ಮ ಹಿತ್ತಲ ನೀರು ಇದು. ಇಲ್ಲಿಂದ ಅದು ನಮ್ಮದಲ್ಲ. ಮುಂದಕ್ಕೆ ಹೋಗಿ ಸಮುದ್ರ ಸೇರ್ಕೊಳ್ತದೆ." ಅಷ್ಟು ಅಗಲದ ನೀರನ್ನು ದಾಕ್ಷಿ ಆಮೇಲೆ ನೋಡಲಿಲ್ಲ. ಅವ್ವನ ಹಿಡಿತಕ್ಕೆ ರಟ್ಟೆ ನೋಯುತ್ತಿತ್ತು, ಬಿಡಿಸಿಕೊಂಡರೆ ಕೊಚ್ಚಿಕೊಂಡು ಹೋಗಿ ಸಮುದ್ರ ನೋಡಬಹುದಲ್ಲಾ ಎಂದು ಮಗುವಿನ ಬುದ್ಧಿಗೆ ಹೊಳೆದಿತ್ತು. ಇದನ್ನೆಲ್ಲ ನೆನೆದುಕೊಂಡು ಅವಳು ಮೊನ್ನೆ ಊಟಕ್ಕೆ ಬಡಿಸುತ್ತಾ, "ನಮ್ಮ ಹೊಳೆ ನೀರು ಅವರ ಊರಿಗೇ ಹೋಗುತ್ತಲ್ವಾ ಅಣ್ಣ?" ಎಂದುಬಿಟ್ಟಳು. ಅಣ್ಣ ತುತ್ತು ನಿಲ್ಲಿಸಿ ನಕ್ಕ. "ಲೇ, ನಮ್ಮದು ಹೋಗೋದು ಪೂರ್ವದ ಸಮುದ್ರಕ್ಕೆ. ಇದು ಪಶ್ಚಿಮದ್ದು. ಎಂಟನೇ ಕ್ಲಾಸಿನ ಪುಸ್ತಕದಲ್ಲೇ ಇದೆ." ಅರ್ಪಿತಳೂ ನಕ್ಕಳು. ಎಂಟನೇ ಕ್ಲಾಸಿನ ಆ ಪುಸ್ತಕಕ್ಕೆ ದಾಕ್ಷಿ ರಟ್ಟು ಹಾಕಿ ಹೆಸರು ಬರೆದಿದ್ದಳು. ಪಾಠ ಆ ಪುಟಕ್ಕೆ ಬರುವ ಮೊದಲೇ ಅವ್ವನಿಗೆ ಬಲಗೈ, ಬಲಗಾಲು ಬಿದ್ದುಹೋದವು. "ಒಂದು ವರ್ಷ ಅಷ್ಟೆ ಕಣೆ, ಆಮೇಲೆ ನಾನೇ ಕರ್ಕೊಂಡೋಗಿ ಸೇರಿಸ್ತೀನಿ" ಎಂದು ಅವಳ ಸ್ಕೂಲ್ ಚೀಲವನ್ನು ಗೂಟಕ್ಕೆ ನೇತುಹಾಕಿದ್ದು ಅಣ್ಣನೇ. ಹಾಕಿದವನು ಗೋಡೆಗೆ ತಿರುಗಿ ತುಂಬ ಹೊತ್ತು ನಿಂತಿದ್ದ. ಅದೂ ಅವಳಿಗೆ ನೆನಪಿದೆ. ಹಾಗಾಗಿ ಅವನು ನಕ್ಕಾಗ ಅವಳಿಗೆ ಸಿಟ್ಟು ಬರಲಿಲ್ಲ. ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಚೀಲವನ್ನು ಅಟ್ಟಕ್ಕೆ ಏರಿಸಿ, ಹಸುವಿಗೆ ಹುಲ್ಲು ಹಾಕಲು ಹಿತ್ತಲಿಗೆ ಹೋದಾಗ ಬೇಲಿಯ ಆಚೆ ಕೆಂಪಾಜಮ್ಮ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ನಿಂತಿದ್ದಳು.

"ಏನವ್ವ, ಮೇಷ್ಟ್ರು ಸಮುದ್ರ ನೋಡಕೆ ಒಂಟವ್ರಂತೆ?"

"ಹೂಂ ಕಣಜ್ಜಿ."

"ನೀನು?"

ದಾಕ್ಷಿ ಹುಲ್ಲಿನ ಕಟ್ಟು ಬಿಚ್ಚಿದಳು. "ಗೊತ್ತಿಲ್ಲ."

"ಅಯ್ ಬುಡು. ಗಾಡಿ ಬರದು ಗೊತ್ತು, ಓಗೋ ಊರು ಗೊತ್ತು, ನೀ ಓಗದು ಗೊತ್ತಿಲ್ವ? ಬಾಯಿ ಬುಟ್ಟು ಕೇಳ್ಬೇಕಪ್ಪ. ನಿಮ್ಮವ್ವನೂ ಇಂಗೇಯ. ಒಟ್ಟೆ ಅಸಿದ್ರೆ ಅನ್ನ ಇಕ್ಕಿ ಅಂತಿರ್ನಿಲ್ಲ, ತಟ್ಟೆ ತೊಳ್ಕಂಡು ಕೂತಿರೋಳು."

"ಹಸು ಇದೆಯಲ್ಲಜ್ಜಿ."

"ಅಸಾನ ನಾ ಕರಕತೀನಿ. ಆಲೂ ನಾನೇ ಕುಡೀತೀನಿ, ನಿಂಗೇನ್ ನಷ್ಟ?" ಮುದುಕಿ ತನ್ನ ಮಾತಿಗೆ ತಾನೇ ಮೈ ಕುಲುಕಿಸಿ ನಕ್ಕಳು.

"ದೀಪ?"

ಕೆಂಪಾಜಮ್ಮನ ನಗು ನಿಂತಿತು. ಅವಳು ಹಿತ್ತಲ ಆ ಮೂಲೆಯ ಕಡೆ, ಬೇವಿನ ಮರದ ಕೆಳಗಿನ ಕಟ್ಟೆಯ ಕಡೆ ನೋಡಿ ದನಿ ಇಳಿಸಿದಳು. "ಅದೊಂದು ಮಾತ್ರ ನನ್ ಕೇಳ್ಬ್ಯಾಡ ಕಣವ್ವ. ಒತ್ತು ಮುಳುಗೋ ಟೇಮ್‌ನಾಗೆ ಆ ತಾವಿಕೆ ನಾ ಬರಕಿಲ್ಲ. ಬದುಕಿದ್ದಾಗ ನಿಮ್ಮವ್ವನ ಕುಟ್ಟೆ ಎಷ್ಟು ಜಗಳ ಆಡಿದ್ದೀನಿ. ಈಗ ಓಗಿ ಎದ್ರಿಗೆ ನಿಂತ್ಕಂಡ್ರೆ ಏನಂದಾಳು?"

ಆ ಕಟ್ಟೆ ಅವ್ವನ ಗದ್ದುಗೆ. ಅವ್ವನನ್ನು ಅಲ್ಲೇ ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ತುಂಬಿ ಮಣ್ಣು ಮಾಡಿದ್ದರು. ಮೇಲೆ ಮಂಡಿಯೆತ್ತರಕ್ಕೆ ಕಟ್ಟಿ ಒಂದು ಚಿಕ್ಕ ಲಿಂಗವನ್ನು ಕೂರಿಸಿದ್ದರು. ದೀಪವನ್ನು ಶುರುಮಾಡಿದ್ದು ದಾಕ್ಷಿಯೇ, ಯಾರೂ ಹೇಳಿರಲಿಲ್ಲ. ಅವ್ವ ಹೋದ ಮೇಲೆ ಮನೆ ತುಂಬ ನೆಂಟರು. ಅಷ್ಟು ವರ್ಷ ಅವ್ವನನ್ನು ಮಗ್ಗುಲು ಹೊರಳಿಸಿದ, ಒರೆಸಿದ, ತಿನ್ನಿಸಿದ ಕೈಗಳಿಗೆ ಸಂಜೆಯ ಹೊತ್ತು ಏನು ಮಾಡುವುದು ಎಂದು ತೋಚುತ್ತಿರಲಿಲ್ಲ. ಅವು ತಾವಾಗಿ ಎಣ್ಣೆ ಬತ್ತಿ ಹುಡುಕಿಕೊಂಡವು. ಬೇವಿನ ಮರದ ಕೆಳಗೆ ಹೋಗಿ ಕೂತರೆ ಸ್ವಲ್ಪ ಹೊತ್ತು ಯಾರೂ ಕರೆಯುತ್ತಿರಲಿಲ್ಲ. ಹೊಳೆಯ ಸದ್ದು ಕೇಳುತ್ತಿತ್ತು. ನಿಜ ಹೇಳಬೇಕೆಂದರೆ ಅದು ಅವ್ವನಿಗಾಗಿ ಎಷ್ಟೋ, ತನಗಾಗಿಯೂ ಅಷ್ಟೇ. ಆಮೇಲೆ ಅಣ್ಣ ಬಂದವರ ಮುಂದೆಲ್ಲ, "ನಮ್ಮವ್ವನ ದೀಪ ಒಂದು ದಿನ ತಪ್ಪಿಲ್ಲ" ಎಂದು ಹೆಮ್ಮೆಯಿಂದ ಹೇಳತೊಡಗಿದ. ಹೇಳಿ ಹೇಳಿ ಅದು ಮನೆಯ ಕಟ್ಟುಪಾಡಾಯಿತು. ಬಿಳಿಗೆರೆಯಲ್ಲಿ ಸೋದರಮಾವನ ಮಗಳ ಮದುವೆಯಾದಾಗ ಎಲ್ಲರೂ ಹೋದರು, ದೀಪವಿದೆಯೆಂದು ಇವಳು ಉಳಿದಳು. ಚಿಕ್ಕಯ್ಯನಛತ್ರದಿಂದ ಅತ್ತಿಗೆಯ ತಮ್ಮ ಬಂದು ಎಲ್ಲರನ್ನೂ ಕರೆದೊಯ್ದಾಗಲೂ ಇವಳು ಉಳಿದಳು. ಯಾರೂ ಬಲವಂತ ಮಾಡಿದವರಲ್ಲ. ಅವಳೇ, "ನೀವು ಹೋಗಿ ಬನ್ನಿ" ಅಂದವಳು. ಒಂದು ಸಂಜೆ ಬತ್ತಿ ಹೊಸೆಯುತ್ತಾ, ಈ ಜಾಗದಲ್ಲಿ ಕಟ್ಟೆಯಿಲ್ಲ, ಬರಿ ಬೇವಿನ ಮರ, ಬರಿ ಹುಲ್ಲು ಎಂದು ಕಣ್ಣಿಗೆ ಕಟ್ಟಿಬಿಟ್ಟಿತು. ಎದೆ ಹಗುರಾಗಿ, ಹಗುರಾದದ್ದಕ್ಕೆ ಹೆದರಿ, ಲಿಂಗದ ಮೇಲೆ ವಿಭೂತಿಯನ್ನು ಗಟ್ಟಿಯಾಗಿ, ಬೆರಳು ಉರಿಯುವಷ್ಟು ತಿಕ್ಕಿದ್ದಳು.

ಬಿಸಿಲೇರುವ ಹೊತ್ತಿಗೆ ವ್ಯಾನು ಬಂತು. ಅವರನ್ನು ಇಳಿಸಿ, ಇವರನ್ನು ಹತ್ತಿಸಿಕೊಂಡು ಅದೇ ವ್ಯಾನು ವಾಪಸು ಹೋಗುವುದೆಂದು ಮಾತು. ಮೊದಲು ಇಳಿದದ್ದು ಶ್ರೀಧರ ಮೇಷ್ಟ್ರು. ದುಂಡಗೆ, ಬೆವರಿನಲ್ಲಿ ನೆನೆದು, ದಾರಿಯುದ್ದಕ್ಕೂ ನಗುತ್ತಲೇ ಬಂದವರ ಹಾಗಿದ್ದರು. ಹಿಂದೆ ಅವರ ಹೆಂಡತಿ ವಸುಧಾ, ಮಗಳು ಶ್ರಾವ್ಯ, ಕೋಲೂರಿಕೊಂಡು ಮೇಷ್ಟ್ರ ತಾಯಿ. ವಸುಧಾ ಬಾಗಿಲಲ್ಲೇ ನಿಂತು ಮೂಗಿನ ತುಂಬ ಉಸಿರೆಳೆದು, "ಎಷ್ಟು ಸುಮ್ಮನಿದೆ ಇಲ್ಲಿ" ಅಂದಳು. ಮೈಗೆ ಯಾರೋ ಕೈಯಿಟ್ಟ ಹಾಗೆ ದಾಕ್ಷಿಗೆ ಆ ಮಾತು ಹಿತವಾಯಿತು. ತನ್ನ ಮನೆ ಸುಮ್ಮನಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಹಿತವಾದದ್ದು ಹೆಚ್ಚು ಹೊತ್ತು ಉಳಿಯಲಿಲ್ಲ. ವಸುಧಾ ಅಡುಗೆಮನೆಗೆ ಬಂದವಳು ಖಾಲಿ ಶೆಲ್ಫಿನ ಮೇಲಿನ ಮೂರು ಅಲ್ಯೂಮಿನಿಯಂ ಪಾತ್ರೆ ನೋಡಿದಳು. ಆಮೇಲೆ ರಮ್ಯಳ ಮುಖ ನೋಡಿದಳು.

"ಪಾತ್ರೆಯೆಲ್ಲ ಕಲಾಯಿ ಹಾಕಿಸೋಕೆ ಕೊಟ್ಟಿದ್ದೀವಿ" ಎಂದಳು ರಮ್ಯ ಅವಸರದಲ್ಲಿ.

"ಅಮ್ಮ, ಸ್ಟೀಲಿಗೆ ಯಾರಾದ್ರೂ ಕಲಾಯಿ ಹಾಕ್ತಾರಾ?" ಅರ್ಪಿತ ಬಾಗಿಲಿಗೆ ಜೋತುಬಿದ್ದು ಕೇಳಿದಳು. "ಎಲ್ಲಾನೂ ಮೂಟೆ ಕಟ್ಟಿ ಅಟ್ಟದ ಮೇಲೆ ಹಾಕಿದಾರೆ. ನಾನು ನಿದ್ದೆ ಮಾಡ್ದಂಗೆ ಮಲ್ಕೊಂಡು ನೋಡ್ದೆ."

ರಮ್ಯಳ ಮುಖ ಕೆಂಪಾಯಿತು. "ಅಯ್ಯೋ ದಾಕ್ಷಾಯಿಣಿ, ಅಟ್ಟಕ್ಕೆ ಹಾಕಿದೆಯಾ? ನಾನು ಹೇಳಿದ್ನಾ ನಿಂಗೆ?"

ಎಲ್ಲರೂ ಅವಳ ಕಡೆ ತಿರುಗಿದರು. ಅತ್ತಿಗೆಯ ಕಣ್ಣಿನಲ್ಲಿದ್ದದ್ದು ಜೋರಲ್ಲ, ಅಂಗಲಾಚುವಿಕೆ. ಅದು ಕಂಡದ್ದರಿಂದಲೇ ದಾಕ್ಷಿ ತಲೆ ಆಡಿಸಿದಳು. "ಧೂಳು ಕೂರುತ್ತೆ ಅಂತ" ಎಂದಳು. ತನ್ನದಲ್ಲದ ತಪ್ಪು ಎಷ್ಟು ಸಲೀಸಾಗಿ ಬಾಯಿಗೆ ಬಂತಲ್ಲಾ ಎಂದು ಅವಳಿಗೇ ಆಶ್ಚರ್ಯವಾಯಿತು.

ಅಷ್ಟರಲ್ಲಿ ವ್ಯಾನಿನ ಡ್ರೈವರು ಒಂದು ದೊಡ್ಡ ಚೀಲವನ್ನು ತಂದು ಹಜಾರದಲ್ಲಿ ಇಳಿಸಿದ. ಇಳಿಸಿದ್ದೇ ತಡ, ಅದು ಮನೆಯೆಲ್ಲ ಕೇಳುವ ಹಾಗೆ ಝಣಝಣ ಎಂದಿತು. ಈಗ ಕೆಂಪಾಗುವ ಸರದಿ ವಸುಧಾಳದು. ಶ್ರೀಧರ ಮೇಷ್ಟ್ರು ಚೀಲವನ್ನು ನೋಡಿ, ಹೆಂಡತಿಯನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ನಮ್ಮ ಪಾತ್ರೆ ಮಾರಾಯ್ರೆ! ಮೈಸೂರು ಕಡೆಯವರು, ಕೋಳಿ ಕುರಿ ತಿನ್ನುವವರೋ ಏನೋ ಅಂತ ಇವಳಿಗೆ ಹೆದರಿಕೆ. ಫೋನ್ ಮಾಡಿ ಕೇಳು ಅಂದೆ. ನೀವೇ ಕೇಳಿ ಅಂದಳು. ಕೇಳೂದು ಹೇಗೆ, ಹೇಳಿ?"

"ಸಾರ್, ನಾವು ಲಿಂಗವಂತರು, ಮೊಟ್ಟೆ ಕೂಡ ಹೊಸ್ತಿಲು ದಾಟಲ್ಲ! ನಾವು ನಿಮ್ಮನ್ನ ಮೀನು ತಿನ್ನೋರು ಅಂದ್ಕೊಂಡ್ವಲ್ಲ" ಎಂದ ಅಣ್ಣ, ಅವನಿಗೂ ನಗು ತಡೆಯಲಾಗಲಿಲ್ಲ.

"ಮೀನಾ? ನಮ್ಮಲ್ಲಿ ಈರುಳ್ಳಿ ತರೂದೇ ಅಕ್ಕನ ಕಣ್ಣು ತಪ್ಪಿಸಿ. ನಾವು ಬ್ರಾಹ್ಮಣರು ಮಾರಾಯ್ರೆ."

ಮನೆಯೆಲ್ಲ ನಗು. ರಮ್ಯ, ವಸುಧಾ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು. ಕೋಲೂರಿಕೊಂಡಿದ್ದ ಅಜ್ಜಿಯೂ ನಕ್ಕರು. ದಾಕ್ಷಿಯೂ ನಕ್ಕಳು. ನಗುವಾಗ ಅವಳಿಗೆ ಒಂದು ತಿಳಿಯಿತು: ಎಲ್ಲರ ತಪ್ಪೂ ನಗುವಿನಲ್ಲಿ ಕರಗಿಹೋಗಿತ್ತು, ಧೂಳಿನ ಮಾತು ಮಾತ್ರ ತನ್ನ ಹೆಸರಿನಲ್ಲಿ ಉಳಿದುಬಿಟ್ಟಿತ್ತು. ಅದನ್ನು ವಾಪಸು ತೆಗೆದುಕೊಳ್ಳುವುದು ಯಾರಿಗೂ ನೆನಪಾಗಲಿಲ್ಲ. ಏಣಿ ಹಾಕಿ ಅಟ್ಟ ಹತ್ತಿ ಮೂಟೆ ಇಳಿಸುವಾಗ, ಕೆಳಗೆ ವಸುಧಾ ಮೆಲ್ಲಗೆ ಕೇಳುವುದು ಕೇಳಿಸಿತು: "ಇವಳು?"

"ನಮ್ಮ ದಾಕ್ಷಾಯಿಣಿ" ಎಂದ ಅಣ್ಣ. "ಏನು ಬೇಕಾದ್ರೂ ಇವಳನ್ನ ಕೇಳಿ. ಇಲ್ಲೇ ಇರ್ತಾಳೆ."

ಅಟ್ಟದ ಕತ್ತಲೆಯಲ್ಲಿ ಅವಳ ಕೈ ಮೂಟೆಯ ಗಂಟಿನ ಮೇಲೆ ನಿಂತಿತು. ಇಲ್ಲೇ ಇರ್ತಾಳೆ. ಎಷ್ಟೋ ದಿನದಿಂದ ಕಿವಿ ಕೊಟ್ಟು ಕಾದಿದ್ದ ಮಾತು ತನ್ನ ಮುಖ ನೋಡದೆ, ಮನೆಯ ಮೋಟಾರು ಎಲ್ಲಿದೆ, ಬಾವಿ ಎಲ್ಲಿದೆ ಎಂದು ತೋರಿಸುವ ದನಿಯಲ್ಲಿ ಬಂದುಬಿಟ್ಟಿತ್ತು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಹಲ್ಲಿಯೊಂದು ತೊಲೆಯ ಮೇಲೆ ಓಡಿತು. 'ಗುರುಬಸ' ಎಂದಿದ್ದ ಲೋಟ ಬಟ್ಟೆಯೊಳಗಿಂದ ಜಾರಿ ಅವಳ ಅಂಗೈಗೆ ಬಂತು. ಅಂಗೈಗೆ ತಣ್ಣಗಿತ್ತು. ಹಿಡಿದುಕೊಂಡೇ ಇಳಿದಳು.

ಊಟಕ್ಕೆ ಎಲೆ ಕೊಯ್ಯಲು ಹಿತ್ತಲಿಗೆ ಹೋದಾಗ ವಸುಧಾಳೂ ಜೊತೆಗೆ ಬಂದಳು. ರಸಬಾಳೆಯ ಗಿಡಗಳ ನಡುವೆ ನಿಂತು ಹೊಳೆ ನೋಡಿದಳು. ಹೊಳೆ ಬೇಸಿಗೆಗೆ ಇಳಿದು, ಬಂಡೆಗಳನ್ನು ಹೊರಗೆ ಹಾಕಿ, ದನ ಮಲಗಿದ ಹಾಗೆ ಮಲಗಿತ್ತು. "ಕಡಲು ಹೀಗಲ್ಲ" ಎಂದಳು ವಸುಧಾ. "ಇಡೀ ದಿನ ಬಡಕೊಳ್ತಾ ಇರ್ತದೆ, ತಲೆ ಕೆಡ್ತದೆ. ಕಿಟಕಿ ಸರಳು, ಬಾಗಿಲ ಚಿಲಕ ಎಲ್ಲ ಉಪ್ಪು ತಿಂದು ಹಾಕ್ತದೆ. ಒಗೆದ ಬಟ್ಟೆಯೂ ಉಪ್ಪುಪ್ಪು." ಚಿಲಕವನ್ನು ಉಪ್ಪು ತಿನ್ನುವ ಮನೆಯನ್ನು ದಾಕ್ಷಿ ಕಣ್ಣಿಗೆ ತಂದುಕೊಳ್ಳುತ್ತಿದ್ದಳು. ಅಂಥ ಮನೆಯಲ್ಲಿ ಬಾಗಿಲು ಹಾಕಿದರೂ ಹಾಕಿದ ಹಾಗಾಗುವುದಿಲ್ಲವೇನೋ. ಅಷ್ಟರಲ್ಲಿ ವಸುಧಾ, "ಶ್ರಾವ್ಯಾ, ಅಲ್ಲೆಂತ ಕೂತದ್ದು?" ಎಂದಳು.

ಹುಡುಗಿ ಬೇವಿನ ಮರದ ನೆರಳಿನಲ್ಲಿ, ಗದ್ದುಗೆಯ ಅಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು ಬೇವಿನ ಹೂವು ಎಣಿಸುತ್ತಿದ್ದಳು.

"ಅದು ಎಂತ? ದೇವರ ಕಟ್ಟೆಯಾ?"

"ಅಲ್ಲ. ಅದರೊಳಗೆ ಮಣ್ಣು ಮಾಡಿದಾರೆ" ಎಂದಳು ದಾಕ್ಷಿ.

ವಸುಧಾಳ ಕೈ ಮಾತಿಗಿಂತ ಮೊದಲು ಓಡಿತು. ಹುಡುಗಿಯನ್ನು ರಟ್ಟೆ ಹಿಡಿದು ಎಳೆದಳು, ತಾನೂ ಹಿಂದಕ್ಕೆ ಸರಿದಳು, ಸರಿದ ಮೇಲೆ ತನ್ನ ಕಾಲಡಿಯ ಮಣ್ಣನ್ನು ನೋಡಿಕೊಂಡಳು. "ಕಾಲು ತೊಳಿ, ಮೊದಲು ಕಾಲು ತೊಳಿ." ದಾಕ್ಷಿಯೇ ತೊಟ್ಟಿಯಿಂದ ಚೊಂಬಿನಲ್ಲಿ ನೀರು ತಂದು ಇಬ್ಬರ ಕಾಲಿಗೂ ಹಾಕಿದಳು. ನೀರು ಹಾಕುವಾಗ ಯಾರ ಮುಖವನ್ನೂ ಯಾರೂ ನೋಡಲಿಲ್ಲ. ಹುಡುಗಿ ಒಳಕ್ಕೆ ಓಡಿದ ಮೇಲೆ ವಸುಧಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, "ಬೇಜಾರು ಮಾಡ್ಕೊಬೇಡ ಮಾರಾಯ್ತಿ" ಎಂದಳು. "ನಮ್ಮಲ್ಲಿ ಸುಡೂದಲ್ಲವಾ, ಹೀಗೆ ಮನೆ ಹತ್ತಿರ ಇರೂದಿಲ್ಲ. ಅಭ್ಯಾಸ ಇಲ್ಲ. ಯಾರದ್ದು?"

"ನಮ್ಮವ್ವಂದು."

"ನಿನ್ನ ಅಮ್ಮನದ್ದು ಇವರ ಹಿತ್ತಲಲ್ಲಿ?" ಎಂದ ವಸುಧಾ ಥಟ್ಟನೆ ನಿಲ್ಲಿಸಿದಳು. ಅವಳ ಕಣ್ಣು ದಾಕ್ಷಿಯ ಹಣೆ, ಮೂಗು, ಗಲ್ಲಗಳ ಮೇಲೆ ಓಡಾಡಿತು, ಮೇಷ್ಟ್ರ ಮುಖವನ್ನು ಅಲ್ಲಿ ಹುಡುಕುವ ಹಾಗೆ. "ನೀವು... ಮೇಷ್ಟ್ರ ತಂಗಿಯಾ?"

"ಹೂಂ."

"ಅಯ್ಯೋ ದೇವರೆ. ನಾನು ಕೆಲಸಕ್ಕೆ..." ವಸುಧಾ ಮಾತು ನುಂಗಿಕೊಂಡಳು. ನೀನು ನೀವಾದದ್ದರಿಂದ ದಾಕ್ಷಿಗೆ ಇನ್ನಷ್ಟು ಸಂಕೋಚವಾಯಿತು. ಎಲೆಯ ದಂಟನ್ನು ಸವರುತ್ತಾ ನಿಂತಳು. ವಸುಧಾ ಅವಳ ಕೈಯಿಂದ ಒಂದೆರಡು ಎಲೆ ತೆಗೆದುಕೊಂಡಳು, ಏನಾದರೂ ಹೊರಬೇಕು ಎನ್ನಿಸಿದವಳ ಹಾಗೆ. "ನಮ್ಮಲ್ಲೂ ಹೀಗೇ ಒಬ್ಬರು ಇದ್ದಾರೆ. ಇವರ ಅಕ್ಕ. ಗಂಡ ಬೇಗ ಹೋದರು, ಅಂದಿನಿಂದ ಅಲ್ಲೇ. ನಿಮ್ಮ ಅಣ್ಣನವರಿಗೆ ಊಟ ತಿಂಡಿ ಎಲ್ಲ ಅವರೇ ನೋಡಿಕೊಳ್ತಾರೆ."

"ಅವರು ಬರ್ಲಿಲ್ವಾ?"

"ಅವರೆಲ್ಲಿ ಬರ್ತಾರೆ? ದನ ಉಂಟು, ತುಳಸಿಗೆ ದೀಪ ಉಂಟು."

"ಕೇಳಿದ್ರಾ ಅವರನ್ನ?"

ಬಾಯಿಂದ ಅದು ಹೇಗೆ ಬಂತೋ ದಾಕ್ಷಿಗೆ ಗೊತ್ತಾಗಲಿಲ್ಲ. ದನಿ ತನ್ನದೇ, ಆದರೆ ಬೇಲಿಯಾಚೆಯಿಂದ ಬಂದ ಹಾಗಿತ್ತು. ವಸುಧಾ ಎಲೆಯ ಸೀಳನ್ನು ಬೆರಳಲ್ಲಿ ಕೂಡಿಸುತ್ತಾ ನಿಂತಳು, ಹರಿದ ಎಲೆ ಕೂಡುವುದಿಲ್ಲ ಎಂದು ಗೊತ್ತಿದ್ದೂ. ಒಳಗಿಂದ ರಮ್ಯ ಕರೆದಳು. ಇಬ್ಬರೂ ಹೋದರು.

ಊಟದ ತುಂಬ ದಾಕ್ಷಿ ಮನಸ್ಸಿನೊಳಗೆ ಆ ಹೆಂಗಸನ್ನೇ ನೋಡುತ್ತಿದ್ದಳು. ನೋಡಿರದ, ಹೆಸರು ಕೇಳಿರದ ಆ ಅಕ್ಕನನ್ನು. ಈ ಹೊತ್ತಿಗೆ ಅಲ್ಲಿ ಅವರೂ ಯಾರದೋ ಹಾಸಿಗೆ ಕೊಡವಿ, ಯಾರಿಗೋ ಹೂಜಿಗೆ ನೀರು ತುಂಬಿಸಿ, ಉಪ್ಪು ತಿಂದ ಚಿಲಕದ ಬಾಗಿಲಲ್ಲಿ ನಿಂತಿರಬೇಕು. ಕಡಲು ಅಂಗಳದಲ್ಲೇ ಇದೆ, ಆದರೆ ಅವರು ಕಪಿಲೆ ನೋಡಿಲ್ಲ. ನಾನು ಅಲ್ಲಿಗೆ ಹೋದರೆ ಅವರು ನನ್ನ ಮುಖ ನೋಡಿ ಏನು ಅನ್ನುತ್ತಾರೆ? 'ನೀನು ಹೇಗೆ ಬಂದೆ?' ಅನ್ನುತ್ತಾರೆ. ಹೇಗೆ ಬಂದೆ ಎಂದು ಹೇಳಲು ತನ್ನಲ್ಲಿ ಒಂದು ಉತ್ತರ ಬೇಕು ಎಂದು ಅವಳಿಗೆ ಅನ್ನಿಸಿತು. ಮೇಷ್ಟ್ರುಗಳು ಬೇಳೆ ಹೋಳಿಗೆಯ ಬಗ್ಗೆ, ದಾರಿಯ ಬಗ್ಗೆ, ಮೋಡದ ಬಗ್ಗೆ ಮಾತಾಡುತ್ತಿದ್ದರು. ಅವಳು ತುಪ್ಪ ಬಡಿಸುತ್ತಾ ಅಣ್ಣನ ಎಲೆಯ ಮುಂದೆ ಒಂದು ಗಳಿಗೆ ಹೆಚ್ಚು ನಿಂತಳು. ಅಣ್ಣ ತಲೆಯೆತ್ತಿ ನೋಡಿ, "ಸಾಕು ಕಣೆ" ಎಂದ. ತುಪ್ಪದ ಮಾತು ಅದು.

ಬಿಸಿಲು ಇಳಿಯತೊಡಗಿದಾಗ ವ್ಯಾನಿಗೆ ಸಾಮಾನು ಏರಿತು. ಅತ್ತಿಗೆ ಮೀನಿನ ಹೆದರಿಕೆಗೆ ತಾವೂ ಅಲ್ಲಿಗೆ ಒಯ್ಯಲೆಂದು ಬೇರೆ ಕಟ್ಟಿದ್ದ ಪಾತ್ರೆಯ ಚೀಲವನ್ನು ನಗುತ್ತಾ ಮನೆಯೊಳಕ್ಕೇ ವಾಪಸು ಕಳಿಸಿದಳು. ಹೋಗುವ ಮುಂಚೆ ಅಡುಗೆಮನೆಗೆ ಬಂದು ದಾಕ್ಷಿಯ ಮುಂಗೈ ಹಿಡಿದು, "ಬೆಳಿಗ್ಗೆ ಏನೋ ಅಂದ್ಬಿಟ್ಟೆ, ಮನಸಿಗೆ ಹಚ್ಕೋಬೇಡ" ಎಂದಳು. ಅವಳ ಕಣ್ಣು ನೆನೆದಿತ್ತು. ದಾಕ್ಷಿ, ಇಲ್ಲ ಅತ್ತಿಗೆ ಎಂದಳು, ಹೇಳಿದ್ದು ನಿಜವೂ ಆಗಿತ್ತು. ಆದರೆ ಆ ಕೈ ಬಿಟ್ಟು ಹೋದ ಮೇಲೆ ಅವಳು ತನ್ನ ಕೋಣೆಗೆ ಹೋಗಿ, ಬಾಗಿ, ಮಂಚದ ಕೆಳಗಿಂದ ವೈರ್ ಬ್ಯಾಗನ್ನು ಎಳೆದುಕೊಂಡಳು. ನೀಲಿ ರವಿಕೆ ತೊಡಲು ಹೊತ್ತಿರಲಿಲ್ಲ. ದೇವರ ಗೂಡಿನಿಂದ ಎಣ್ಣೆಯ ಶೀಶೆ ತೆಗೆದುಕೊಂಡು, ಬತ್ತಿಗಳನ್ನು 'ಗುರುಬಸ' ಲೋಟಕ್ಕೆ ತುಂಬಿಕೊಂಡಳು. ಬತ್ತಿಗಳನ್ನು ಅವಳು ನಿನ್ನೆಯೇ, ರಜ ಮುಗಿಯುವ ತನಕ ಸಾಲುವಷ್ಟು ಹೊಸೆದಿಟ್ಟಿದ್ದಳು. ಹೊಸೆಯುವಾಗ ಯಾಕೆ ಇಷ್ಟೊಂದು ಎಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಗೇಟಿನ ಹತ್ತಿರ ಎಲ್ಲರೂ ನಿಂತಿದ್ದರು. ಅಣ್ಣ ಡ್ರೈವರನ ಪಕ್ಕ ಕೂತು ಶ್ರೀಧರ ಮೇಷ್ಟ್ರಿಗೆ ಮೋಟಾರಿನ ಸ್ವಿಚ್ಚು ಹೇಳುತ್ತಿದ್ದ. ಅತ್ತಿಗೆ, ಅರ್ಪಿತ ಹಿಂದೆ ಕೂತಿದ್ದರು. ಅವರ ಪಕ್ಕ ಬೆಳಿಗ್ಗೆ ಕೋಲಿನ ಅಜ್ಜಿ ಕೂತು ಬಂದಿದ್ದ ಸೀಟು ಖಾಲಿಯಿತ್ತು. ಅರ್ಪಿತ ಅದರ ಮೇಲೆ ತನ್ನ ಗೊಂಬೆಯನ್ನು ಮಲಗಿಸಿದ್ದಳು. ಬೇಲಿಯಾಚೆ ಕೆಂಪಾಜಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ದಾಕ್ಷಿ ಬ್ಯಾಗನ್ನು ಗೇಟಿನ ಕಂಬಕ್ಕೆ ಒರಗಿಸಿ, ಅರ್ಧ ಕಾಣುವ ಹಾಗೆ, ಅರ್ಧ ಕಾಣದ ಹಾಗೆ ಇಟ್ಟಳು. ಬ್ಯಾಗಿನ ಬಾಯಿಂದ ನೀಲಿ ರವಿಕೆಯ ತೋಳು ಹೊರಗೆ ಬಂದಿತ್ತು. ಅವಳು ಅದನ್ನು ಒಳಕ್ಕೆ ದೂಡಲಿಲ್ಲ. ಅಣ್ಣನ ಮಾತು ನಿಂತಿತು. ಅವನು ಬ್ಯಾಗು ನೋಡಿದ. ಅತ್ತಿಗೆಯೂ ನೋಡಿದಳು, ನೋಡಿ ಗೊಂಬೆಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಆಮೇಲೆ ಏನು ಮಾಡುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡಳು.

ವ್ಯಾನಿನ ಇಂಜಿನ್ ಆಗಲೇ ಗುರುಗುಡುತ್ತಿತ್ತು. ತಿರುಮಕೂಡಲಿನಲ್ಲಿ ಅವ್ವ ಹಿಡಿದಿದ್ದ ರಟ್ಟೆಯ ಜಾಗ ಬೆಚ್ಚಗಾಯಿತು. ಅಣ್ಣನನ್ನು ಕೇಳಬೇಕೆಂದೇ ಅವಳು ಬಂದದ್ದು. ಆದರೆ ಅಣ್ಣ ಉತ್ತರ ಕೊಡುವುದಾದರೆ ದೀಪದ ಮಾತನ್ನೇ ಎತ್ತಬೇಕು, ಎತ್ತಿದರೆ ಅವನು ಇನ್ನೊಮ್ಮೆ ಗೋಡೆಯ ಕಡೆ ತಿರುಗಿ ನಿಲ್ಲಬೇಕು. ಅದನ್ನು ಅವಳು ಇನ್ನೊಮ್ಮೆ ನೋಡಲಾರಳು. ಅವಳು ವ್ಯಾನಿಗೆ ಬೆನ್ನು ಮಾಡಿ ವಸುಧಾಳ ಮುಂದೆ ನಿಂತಳು. ಚೊಂಬಿನ ನೀರು ಬಿದ್ದಿದ್ದ ವಸುಧಾಳ ಪಾದಗಳು ಈಗ ಒಣಗಿದ್ದವು. ದಾಕ್ಷಿ ಎಣ್ಣೆ ಶೀಶೆಯನ್ನೂ ಲೋಟವನ್ನೂ ಎರಡು ಕೈಯಲ್ಲಿ ಮುಂದಕ್ಕೆ ಚಾಚಿದಳು.

"ಅಕ್ಕ, ನಾನೂ ಇವರ ಜೊತೆ ಹೋಗ್ತೀನಿ. ಬರೋ ತನಕ ಸಂಜೆ ಹೊತ್ತು ನಮ್ಮವ್ವನಿಗೆ ನೀವೊಂದು ದೀಪ ಹಚ್ತೀರಾ?"

ವಸುಧಾಳ ಕೈ ಸೆರಗಿನೊಳಗೇ ಇತ್ತು. ಅವಳು ಗಂಡನ ಕಡೆ ನೋಡಿದಳು, ಶ್ರೀಧರ ಮೇಷ್ಟ್ರು ಬಸವಪ್ರಸಾದನ ಕಡೆ ನೋಡಿದರು, ಬಸವಪ್ರಸಾದ ಮುಂದಿನ ಗಾಜಿನ ಮೂಲಕ ರಸ್ತೆ ನೋಡುತ್ತಿದ್ದ. ಡ್ರೈವರು ಇಂಜಿನ್ ಆರಿಸಿದ. ಹೊಳೆಯ ಸದ್ದು ಹಿತ್ತಲಿಂದ ಗೇಟಿನ ತನಕ ಕೇಳತೊಡಗಿತು. ದಾಕ್ಷಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯದೆ ಹಾಗೇ ನಿಂತಿದ್ದಳು.